ಬೆಕ್ಕಿನ ಮರಿಯ ತಂದೆ ಹಝ್ರತ್ ಅಬೂ ಹುರೈರಾ(ರ)



ಬೇಸಿಗೆ ರಜೆ ಬಂತೆಂದರೆ ನಮ್ಮ ಮಕ್ಕಳು ನಾನಿಯ ಮನೆಗೋ ಮಾಮುವಿನ ಮನೆಗೋ ಹೊರಟು ನಿಲ್ಲುತ್ತಾರೆ. ಹಾಗೆ ಹೋದ ಮಕ್ಕಳು ಮಾಡಿದ ಒಂದು ಒಳ್ಳೆಯ ಕೆಲಸವೇ ನನ್ನನ್ನು ಈ ಲೇಖನ ಬರೆಯಲು ಹಚ್ಚಿತು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಅಸ್ರ್ ನಮಾಝ್ ಮುಗಿಸಿ ನಾನು ಮಕ್ಕಳಿಗೆ ಕುರ್‌ಆನ್ ಕಲಿಸಲು ಹೋಗುವ ಮನೆಯೊಂದಿದೆ. ಒಂದು ಏಪ್ರಿಲ್‌ನಲ್ಲಿ ಆ ಮನೆಗೆ ಹುಬ್ಬಳ್ಳಿಯಿಂದ ಮಗಳ ಮಕ್ಕಳು ಮೂವರು ಬಂದರು. ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತು; ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಅಂಥ ಒಂದು ಮಧ್ಯಾಹ್ನ ಗೇಟಿನ ನೆರಳಿಗೆ ಬಂದು ಮಲಗಿದ ಬೂದು ಬಣ್ಣದ ಬೀದಿಬೆಕ್ಕಿಗೆ ಮಕ್ಕಳು ಒಂದು ಬಟ್ಟಲು ಹಾಲಿಟ್ಟರು. ಮರುದಿನವೂ ಇಟ್ಟರು. ವಾರ ಕಳೆಯುವಷ್ಟರಲ್ಲಿ ಬೆಕ್ಕಿಗೊಂದು ಹೆಸರಾಯಿತು, ಊಟದ ಹೊತ್ತೂ ಗೊತ್ತಾಯಿತು. ಮೂರನೆಯ ವಾರ ಅದು ತನ್ನ ಎರಡು ಮರಿಗಳನ್ನು ಒಂದೊಂದಾಗಿ ಕಚ್ಚಿ ತಂದು ಮೆಟ್ಟಿಲ ಕೆಳಗೆ ಇಟ್ಟುಕೊಂಡಿತು. ಮೇ ತಿಂಗಳ ಕೊನೆಗೆ ಮಕ್ಕಳು ಬಸ್ಸು ಹತ್ತಿ ಹೋದರು. ಬೆಕ್ಕು ಉಳಿಯಿತು.

ಮರುದಿನ ನಾನು ಪಾಠಕ್ಕೆ ಹೋದಾಗ ಅದು ಬಾಗಿಲಿಗೆ ಮುಖಮಾಡಿ ಕುಳಿತಿತ್ತು. ಅದರ ಮರುದಿನವೂ ಅಲ್ಲೇ ಇತ್ತು. ಮನೆಯ ನಾನಿಗೆ ಮಂಡಿನೋವು. ದಿನಕ್ಕೆರಡು ಬಾರಿ ಮೆಟ್ಟಿಲಿಳಿಯಲಾರರು. ಅಂಗಳ ಗಲೀಜಾಗುತ್ತಿದೆ ಎಂದು ಪಕ್ಕದ ಮನೆಯವರು ಆಗಲೇ ಎರಡು ಸಲ ಹೇಳಿ ಹೋಗಿದ್ದರು. ಮಕ್ಕಳು ಮಾಡಿದ್ದು ಸವಾಬೋ ಗುನಾಹೋ ಎಂದು ಆಕೆ ನನ್ನನ್ನು ಕೇಳಿದರು. ಮೂಕಪ್ರಾಣಿಗೆ ಉಣಿಸಿದ್ದು ಪುಣ್ಯವಲ್ಲದೆ ಇನ್ನೇನು ಎಂದು ನಾನು ಥಟ್ಟನೆ ಹೇಳಿಬಿಟ್ಟೆ. ಸೈಕಲ್ ತುಳಿಯುತ್ತ ಮನೆಗೆ ಬರುವಾಗ, ಹೇಳಿದ್ದು ಅರ್ಧ ಉತ್ತರ ಮಾತ್ರ ಎಂದು ಮನಸ್ಸು ಚುಚ್ಚತೊಡಗಿತು. ಉಳಿದರ್ಧವನ್ನು ಹುಡುಕಲು ನಾನು ಬಹಳ ದೂರ ಹೋಗಬೇಕಾಗಲಿಲ್ಲ. ಮದ್ರಸದಲ್ಲಿ ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವ ಒಬ್ಬ ಸಹಾಬಿಯ ಜೀವನದಲ್ಲೇ ಅದಿತ್ತು. ಬೆಕ್ಕಿನ ಮರಿಯೇ ಅವರ ಹೆಸರು. ಬನ್ನಿ, ಅವರ ಬದುಕನ್ನು ಒಮ್ಮೆ ನಿಧಾನವಾಗಿ ನೋಡೋಣ.

ಯಮನ್ ನಾಡಿನಲ್ಲಿ ದೌಸ್ ಎಂಬ ಗೋತ್ರವಿತ್ತು. ಹಝ್ರತ್ ಅಬೂ ಹುರೈರಾ(ರ) ಆ ಗೋತ್ರದವರು. ಅವರ ಮೂಲ ಹೆಸರಿನ ಬಗ್ಗೆ ವಿದ್ವಾಂಸರಲ್ಲಿ ಹಲವು ಅಭಿಪ್ರಾಯಗಳಿವೆ. ಇಸ್ಲಾಮಿಗೆ ಮೊದಲು ಅಬ್ದು ಶಮ್ಸ್, ಅಂದರೆ ಸೂರ್ಯನ ದಾಸ ಎಂದಿದ್ದು, ನಂತರ ಅಬ್ದುರ್‍ರಹ್ಮಾನ್ ಎಂದಾಯಿತೆಂಬುದು ಹೆಚ್ಚು ಪ್ರಸಿದ್ಧ. ಆದರೆ ಈ ಎರಡು ಹೆಸರುಗಳೂ ಪುಸ್ತಕದಲ್ಲೇ ಉಳಿದವು. ಜನರ ಬಾಯಲ್ಲಿ ನಿಂತದ್ದು ಅಬೂ ಹುರೈರಾ. ಅಬೂ ಎಂದರೆ ತಂದೆ, ಹುರೈರಾ ಎಂದರೆ ಮರಿಬೆಕ್ಕು.

ಈ ಹೆಸರು ಬಂದ ಬಗೆಯನ್ನು ಅವರೇ ತಿಳಿಸಿದ್ದನ್ನು ಇಮಾಮ್ ತಿರ್ಮಿದಿಯವರು ದಾಖಲಿಸಿದ್ದಾರೆ. ಅವರು ಮನೆಯ ಕುರಿಮೇಕೆಗಳನ್ನು ಮೇಯಿಸುತ್ತಿದ್ದರು. ಜೊತೆಗೊಂದು ಪುಟ್ಟ ಬೆಕ್ಕಿನ ಮರಿಯಿತ್ತು. ಹಗಲು ಅದನ್ನು ತಮ್ಮೊಂದಿಗೆ ಕರೆದೊಯ್ದು ಆಟವಾಡುತ್ತಿದ್ದರು. ರಾತ್ರಿಯಾದಾಗ ಅದನ್ನು ಒಂದು ಮರದ ಮೇಲೆ ಇಡುತ್ತಿದ್ದರು. ಇದನ್ನು ಕಂಡು ಮನೆಯವರು ಅವರಿಗೆ ಆ ಹೆಸರಿಟ್ಟರು. ಹದೀಸಿನಲ್ಲಿ ಇರುವುದು ಇಷ್ಟೇ, ಎರಡು ಮೂರು ವಾಕ್ಯ. ನಾನು ಇದನ್ನು ಎಷ್ಟೋ ಸಲ ಓದಿದ್ದೆ, ಕಲಿಸಿದ್ದೆ. ಆದರೆ ನನ್ನ ಗಮನವೆಲ್ಲ ಹಗಲಿನ ಆಟದ ಮೇಲೆಯೇ ಇತ್ತು. ಆ ಸಂಜೆ ಮೊದಲ ಬಾರಿಗೆ ಮರದ ಮಾತು ಕಣ್ಣಿಗೆ ಬಿತ್ತು. ಓದುಗರೇ, ಆಟ ಎಲ್ಲರೂ ಆಡುತ್ತಾರೆ. ಆಟ ಮುಗಿದು ತಾನು ಹೊರಡುವಾಗ ಮರಿ ಎಲ್ಲಿರಬೇಕೆಂದು ಆ ಕುರಿ ಕಾಯುವ ಹುಡುಗ ದಿನವೂ ನೋಡಿಕೊಳ್ಳುತ್ತಿದ್ದ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುವೆ. ಬೆಕ್ಕಿನ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಕೆಲವು ಕಥೆಗಳು ಓಡಾಡುತ್ತವೆ. ಪ್ರವಾದಿವರ್ಯರ(ಸ) ಬಳಿ ಮುಅಝ್ಝಾ ಎಂಬ ಬೆಕ್ಕಿತ್ತು, ಅದು ಅವರ ತೋಳಿನ ಮೇಲೆ ಮಲಗಿದ್ದಾಗ ಎಬ್ಬಿಸದೆ ಅಂಗಿಯ ತೋಳನ್ನೇ ಕತ್ತರಿಸಿದರು ಎಂಬುದು ಅಂಥ ಒಂದು ಕಥೆ. ಪ್ರಮಾಣಬದ್ಧ ಹದೀಸ್ ಗ್ರಂಥಗಳಲ್ಲಿ ಇದಿಲ್ಲ. ತೋಳು ಕತ್ತರಿಸಿದ ಸಂಗತಿ ಇರುವುದು ಹಿಜ್ರಿ 578ರಲ್ಲಿ (ಕ್ರಿ.ಶ. 1182) ಇರಾಕಿನಲ್ಲಿ ನಿಧನರಾದ ಶೈಖ್ ಅಹ್ಮದ್ ರಿಫಾಈಯವರ ಜೀವನಚರಿತ್ರೆಯಲ್ಲಿ. ಅವರು ನಮಾಝ್ ಮುಗಿಸಿ ಬಂದು, ಕತ್ತರಿಸಿದ ತೋಳನ್ನು ಮತ್ತೆ ಹೊಲಿದುಕೊಂಡರಂತೆ. ಪ್ರೀತಿಯಿಂದಲೇ ಆದರೂ, ಇಲ್ಲದ್ದನ್ನು ಪ್ರವಾದಿಯವರ(ಸ) ಹೆಸರಿಗೆ ಹಚ್ಚಬಾರದು. ಇರುವುದೇ ನಮಗೆ ಸಾಕಷ್ಟಿದೆ.

ದೌಸ್ ಗೋತ್ರಕ್ಕೆ ಇಸ್ಲಾಮಿನ ಸಂದೇಶ ತಂದವರು ಆ ಗೋತ್ರದ ಕವಿ ತುಫೈಲ್ ಬಿನ್ ಅಮ್ರ್(ರ). ಹಿಜ್ರಿ 7ರಲ್ಲಿ (ಕ್ರಿ.ಶ. 628), ಖೈಬರ್ ಯುದ್ಧದ ಸಮಯದಲ್ಲಿ, ಅಬೂ ಹುರೈರಾ(ರ) ಊರು ಬಿಟ್ಟು ಪ್ರವಾದಿಯವರ(ಸ) ಸನ್ನಿಧಿಗೆ ಬಂದರು. ದಾರಿಯಲ್ಲಿ ಅವರ ಜೊತೆಗಿದ್ದ ಗುಲಾಮನೊಬ್ಬ ತಪ್ಪಿಸಿಕೊಂಡಿದ್ದ. ಅವರು ಪ್ರವಾದಿಯವರ(ಸ) ಮುಂದೆ ಕುಳಿತಿರುವಾಗಲೇ ಅವನು ಕಾಣಿಸಿಕೊಂಡ. ಬಂದವನನ್ನು ಅವರು ಅಲ್ಲಾಹನಿಗಾಗಿ ಅಲ್ಲಿಯೇ ಸ್ವತಂತ್ರಗೊಳಿಸಿದರು. ಇದ್ದ ಒಂದು ಆಸ್ತಿಯೂ ಹೀಗೆ ಹೋಯಿತು.

ಮದೀನದಲ್ಲಿ ಅವರಿಗೆ ಮನೆಯಿರಲಿಲ್ಲ, ವ್ಯಾಪಾರವಿರಲಿಲ್ಲ, ಹೊಲವಿರಲಿಲ್ಲ. ಪ್ರವಾದಿಯವರ(ಸ) ಮಸೀದಿಯಲ್ಲಿ ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಮನೆಮಾರಿಲ್ಲದ ಸಹಾಬಿಗಳು ಅಲ್ಲಿ ಇರುತ್ತಿದ್ದರು. ಅವರಲ್ಲಿ 70 ಮಂದಿಯನ್ನು ತಾನು ಕಂಡಿದ್ದು, ಒಬ್ಬರಿಗೂ ಮೇಲೆ ಹೊದೆಯುವ ಬಟ್ಟೆ ಇರಲಿಲ್ಲವೆಂದು ಅಬೂ ಹುರೈರಾ(ರ) ತಿಳಿಸಿದ್ದಾರೆ. ಯಾರಾದರೂ ಕರೆದು ಕೊಟ್ಟರೆ ಊಟ, ಇಲ್ಲದಿದ್ದರೆ ಇಲ್ಲ. ಹಸಿವು ತಾಳಲಾರದೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡ ದಿನಗಳಿದ್ದವು. ಪ್ರವಾದಿಯವರ(ಸ) ಮಿಂಬರ್ ಮತ್ತು ಹಝ್ರತ್ ಆಯಿಶಾರ(ರ) ಕೋಣೆಯ ನಡುವೆ ಅವರು ಪ್ರಜ್ಞೆ ತಪ್ಪಿ ಬಿದ್ದಿರುತ್ತಿದ್ದರು. ಬಂದವರು ಹುಚ್ಚು ಹಿಡಿದಿದೆಯೆಂದು ತಿಳಿದು ಕೊರಳ ಮೇಲೆ ಕಾಲಿಡುತ್ತಿದ್ದರು. ಅದು ಹುಚ್ಚಾಗಿರಲಿಲ್ಲ, ಬರೀ ಹಸಿವಾಗಿತ್ತು.

ಇನ್ನೊಬ್ಬರ ಬಾಗಿಲು ನೋಡುತ್ತ ಕೂರುವುದು ಏನೆಂದು ಇವರಿಗಿಂತ ಚೆನ್ನಾಗಿ ಯಾರು ಬಲ್ಲರು? ಕುರ್‌ಆನಿನ ಒಂದು ವಚನದ ಅರ್ಥ ತಮಗೆ ಗೊತ್ತಿದ್ದರೂ ಅದನ್ನೇ ಅವರು ದಾರಿಯಲ್ಲಿ ಹೋಗುವವರ ಬಳಿ ಕೇಳುತ್ತಿದ್ದರು. ಉತ್ತರ ಹೇಳುತ್ತ ಮನೆಯವರೆಗೆ ಕರೆದೊಯ್ದು ಏನಾದರೂ ಉಣಿಸಿಯಾರೆಂಬ ಆಸೆ. ಬಾಯಿಬಿಟ್ಟು ಬೇಡಲು ಅಭಿಮಾನ ಬಿಡುತ್ತಿರಲಿಲ್ಲ. ಈ ಸೂಕ್ಷ್ಮ ಎಲ್ಲರಿಗೂ ತಿಳಿಯಲಿಲ್ಲ. ತಿಳಿದವರಲ್ಲಿ ಒಬ್ಬರು ಪ್ರವಾದಿಯವರ(ಸ) ದೊಡ್ಡಪ್ಪನ ಮಗ ಜಅಫರ್ ಬಿನ್ ಅಬೀ ತಾಲಿಬ್(ರ). ಅವರು ಸುಫ್ಫಾದ ಬಡವರನ್ನು ಮನೆಗೆ ಕರೆದೊಯ್ದು ಇದ್ದುದನ್ನು ಬಡಿಸುತ್ತಿದ್ದರು. ಏನೂ ಇಲ್ಲದ ದಿನ ತುಪ್ಪದ ಬರಿದಾದ ಚರ್ಮದ ಚೀಲವನ್ನೇ ತಂದುಕೊಡುತ್ತಿದ್ದರು. ಇವರು ಅದನ್ನು ಸೀಳಿ ಒಳಗೆ ಅಂಟಿದ್ದನ್ನು ನೆಕ್ಕುತ್ತಿದ್ದರು. ಹಿಜ್ರಿ 8ರಲ್ಲಿ (ಕ್ರಿ.ಶ. 629) ಮೂತಾ ಯುದ್ಧದಲ್ಲಿ ಜಅಫರ್(ರ) ಹುತಾತ್ಮರಾದರು. ಅಬೂ ಹುರೈರಾ(ರ) ಮದೀನಕ್ಕೆ ಬಂದು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಅಷ್ಟರಲ್ಲೇ ಆ ಬಾಗಿಲು ಮುಚ್ಚಿತು.

ಹಾಲಿನ ಬಟ್ಟಲಿನ ಘಟನೆಯನ್ನು ನೀವು ಕೇಳಿರುತ್ತೀರಿ. ಹಸಿದು ದಾರಿಯಲ್ಲಿ ಕುಳಿತಿದ್ದ ಅಬೂ ಹುರೈರಾರ(ರ) ಮುಖ ನೋಡಿದೊಡನೆ ಪ್ರವಾದಿಯವರಿಗೆ(ಸ) ಎಲ್ಲವೂ ಅರ್ಥವಾಯಿತು. ಮುಗುಳ್ನಕ್ಕು ಮನೆಗೆ ಕರೆದೊಯ್ದರು. ಮನೆಯಲ್ಲಿ ಯಾರೋ ಕೊಟ್ಟುಹೋದ ಒಂದು ಬಟ್ಟಲು ಹಾಲಿತ್ತು. ಅದನ್ನು ಕೊಡುವ ಬದಲು, ಹೋಗಿ ಸುಫ್ಫಾದವರನ್ನೆಲ್ಲ ಕರೆದು ತರುವಂತೆ ಆಜ್ಞೆಯಾಯಿತು. ಅಷ್ಟು ಜನಕ್ಕೆ ಈ ಹಾಲು ಎಲ್ಲಿ ಸಾಕಾದೀತು, ನನಗೇನು ಉಳಿದೀತು ಎಂದು ಅವರ ಮನಸ್ಸು ಕುಗ್ಗಿತು. ಅವರು ಅದನ್ನು ಮುಚ್ಚಿಡದೆ ನಮಗೆ ತಿಳಿಸಿದ್ದಾರೆ ಎಂಬುದೇ ನನಗೆ ಬಹಳ ಪ್ರಿಯವಾದ ಸಂಗತಿ. ಆದರೂ ಹೋಗಿ ಕರೆತಂದರು. ಹಸಿದವರ ಕೈಯಿಂದಲೇ ಹಸಿದವರಿಗೆ ಬಟ್ಟಲು ದಾಟಿತು. ಒಬ್ಬೊಬ್ಬರೂ ತೃಪ್ತಿಯಾಗಿ ಕುಡಿದರು. ಕೊನೆಗೆ ಪ್ರವಾದಿಯವರು(ಸ) ಅವರನ್ನು ಕೂರಿಸಿ, ಇನ್ನು ಜಾಗವಿಲ್ಲವೆನ್ನುವವರೆಗೂ ಮತ್ತೆ ಮತ್ತೆ ಕುಡಿಸಿದರು. ಉಳಿದದ್ದನ್ನು ತಾವು ಎಲ್ಲರ ನಂತರ ಕುಡಿದರು.

ಅವರ ತಾಯಿ ಮೊದಲು ಇಸ್ಲಾಮನ್ನು ಒಪ್ಪಿರಲಿಲ್ಲ. ಒಮ್ಮೆ ಪ್ರವಾದಿಯವರ(ಸ) ಬಗ್ಗೆ ಆಕೆ ಆಡಿದ ಮಾತು ಕೇಳಿ ಮಗ ಅಳುತ್ತ ಬಂದು ದುಆಕ್ಕಾಗಿ ವಿನಂತಿಸಿದರು. ಮನೆಗೆ ಮರಳುವಷ್ಟರಲ್ಲಿ ತಾಯಿ ಸ್ನಾನ ಮಾಡಿ ಬಾಗಿಲು ತೆರೆದು ಶಹಾದತ್ ಹೇಳಿದರು. ಆಗ ಅವರು ಮತ್ತೊಮ್ಮೆ ಅತ್ತರು, ಈ ಬಾರಿ ಸಂತೋಷದಿಂದ.

ಪ್ರವಾದಿಯವರ(ಸ) ಜೊತೆ ಅವರಿದ್ದದ್ದು ಮೂರು ನಾಲ್ಕು ವರ್ಷ ಮಾತ್ರ. ಆದರೆ ಇತರರು ಮಾರುಕಟ್ಟೆಯಲ್ಲೋ ತೋಟದಲ್ಲೋ ಇದ್ದಾಗಲೂ ಇವರು ಜೊತೆ ಬಿಡಲಿಲ್ಲ. ಅವರ ಹೆಸರಿನಲ್ಲಿ 5,374 ಹದೀಸ್‌ಗಳನ್ನು ಎಣಿಸಲಾಗಿದೆ. ಬೇರಾವ ಸಹಾಬಿಯಿಂದಲೂ ಇಷ್ಟು ವರದಿಯಾಗಿಲ್ಲ. ಖಲೀಫಾ ಉಮರ್(ರ) ಅವರನ್ನು ಬಹ್ರೈನ್ ಪ್ರಾಂತ್ಯದ ಅಧಿಕಾರಿಯಾಗಿ ನೇಮಿಸಿದರು. ಮರಳಿದಾಗ ಕೈಯಲ್ಲಿದ್ದ ಹಣದ ಲೆಕ್ಕ ಕೇಳಿದರು. ಕುದುರೆಗಳು ಮರಿಹಾಕಿ ಹೆಚ್ಚಿದ್ದು, ಉಡುಗೊರೆಗಳು ಒಟ್ಟಾದದ್ದು ಎಂದು ಇವರು ವಿವರ ಕೊಟ್ಟರು. ಮುಂದೆ ಉಮರ್(ರ) ಮತ್ತೆ ಅಧಿಕಾರ ಕೊಡಲು ಬಂದಾಗ ಬೇಡವೆಂದರು. ಮುಂದೊಂದು ಕಾಲದಲ್ಲಿ ಮದೀನದ ಅಧಿಕಾರಿ ಊರಲ್ಲಿಲ್ಲದಾಗ ಅವರ ಸ್ಥಾನದಲ್ಲಿದ್ದ ಇವರು, ಬೆನ್ನ ಮೇಲೆ ಸೌದೆಹೊರೆ ಹೊತ್ತು, ಅಮೀರರಿಗೆ ದಾರಿಬಿಡಿ ಎಂದು ತಮಾಷೆ ಮಾಡುತ್ತ ಪೇಟೆಯಲ್ಲಿ ಹೋಗುತ್ತಿದ್ದರಂತೆ. ಅವರೂ ಪತ್ನಿಯೂ ಮನೆಯ ಸೇವಕರೂ ರಾತ್ರಿಯನ್ನು ಮೂರು ಪಾಲು ಮಾಡಿ, ಸರದಿಯ ಮೇಲೆ ಎದ್ದು ನಮಾಝ್ ಮಾಡುತ್ತಿದ್ದರು. ಅವರ ನಿಧನ ಹಿಜ್ರಿ 57, 58 ಅಥವಾ 59ರಲ್ಲಿ, ಸುಮಾರು 78ನೇ ವಯಸ್ಸಿನಲ್ಲಿ ಆಯಿತು. ಜನ್ನತುಲ್ ಬಕೀಅ್‌ನಲ್ಲಿ ದಫನ ಮಾಡಲಾಯಿತು.

ಓದುಗರೇ, ನಾನಿಯ ಪ್ರಶ್ನೆಯನ್ನು ನಾನು ಮರೆತಿಲ್ಲ. ಅಬೂ ಹುರೈರಾ(ರ) ನಮಗೆ ತಲುಪಿಸಿದ ಹದೀಸ್‌ಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ.

ಒಂದು, ದಾರಿಹೋಕನದು. ನಡೆದು ಬಾಯಾರಿದ ಒಬ್ಬಾತ ಬಾವಿಗಿಳಿದು ನೀರು ಕುಡಿದು ಮೇಲೆ ಬಂದ. ಅಲ್ಲೊಂದು ನಾಯಿ ನಾಲಗೆ ಚಾಚಿ ಏದುತ್ತ ಹಸಿಮಣ್ಣು ನೆಕ್ಕುತ್ತಿತ್ತು. ತನಗಾಗಿದ್ದ ಸಂಕಟವೇ ಇದಕ್ಕೂ ಆಗಿದೆಯೆಂದು ಅವನಿಗನ್ನಿಸಿತು. ಮತ್ತೆ ಬಾವಿಗಿಳಿದು ತನ್ನ ಚರ್ಮದ ಕಾಲುಚೀಲದಲ್ಲಿ ನೀರು ತುಂಬಿ, ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತಿ ಬಂದು ಕುಡಿಸಿದ. ಅಲ್ಲಾಹನು ಅವನನ್ನು ಕ್ಷಮಿಸಿದನು. ಇನ್ನೊಂದು, ಅಬ್ದುಲ್ಲಾ ಬಿನ್ ಉಮರ್(ರ) ಕೂಡ ವರದಿ ಮಾಡಿರುವ, ಬೆಕ್ಕನ್ನು ಕಟ್ಟಿಹಾಕಿದ ಸ್ತ್ರೀಯದು. ಅವಳು ಅದಕ್ಕೆ ತಾನೂ ತಿನ್ನಿಸಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆ ಹಿಡಿದು ತಿನ್ನಲೂ ಬಿಡಲಿಲ್ಲ. ಬೆಕ್ಕು ಸತ್ತಿತು, ಅವಳು ನರಕಕ್ಕೆ ಅರ್ಹಳಾದಳು.

ಮೊದಲನೆಯವನು ನೀರು ಕುಡಿಸಿ ತನ್ನ ದಾರಿ ಹಿಡಿದ. ಅವನ ಮೇಲೆ ಇನ್ನಾವ ಹೊಣೆಯೂ ಬರಲಿಲ್ಲ, ಏಕೆಂದರೆ ಆ ದಾಹ ಅಲ್ಲಿಗೆ ತೀರಿತು. ಎರಡನೆಯವಳು ಬೆಕ್ಕನ್ನು ತನ್ನ ಕೈವಶ ಮಾಡಿಕೊಂಡಿದ್ದಳು. ಆದ್ದರಿಂದ ಅದರ ಊಟದ ಲೆಕ್ಕ ಅವಳ ಮೇಲೆ ಬಂತು. ರಜೆಗೆ ಬಂದು ತಿಂಗಳುಗಟ್ಟಲೆ ಇರುವ ಅತಿಥಿ ಈ ಇಬ್ಬರ ನಡುವೆ ನಿಂತಿದ್ದಾನೆ. ಹೋಗುತ್ತ ಒಂದು ತುತ್ತು ಹಾಕಿದರೆ ಅವನು ದಾರಿಹೋಕ. ದಿನವೂ ಅದೇ ಹೊತ್ತಿಗೆ, ಅದೇ ಬಾಗಿಲಲ್ಲಿ ಹಾಕಿದರೆ, ಕೈಯಲ್ಲಿ ಹಗ್ಗವಿಲ್ಲದಿದ್ದರೂ ಬೆಕ್ಕು ಕಟ್ಟಿದಂತೆಯೇ ಆಯಿತು. ಅದರಲ್ಲೂ ಮರಿಗಳಿದ್ದರೆ ಮಾತು ಇನ್ನೂ ಗಂಭೀರ. ಬೇಟೆ ಕಲಿಯಬೇಕಾದ ವಯಸ್ಸಿನಲ್ಲಿ ಬಟ್ಟಲಿನ ಊಟವನ್ನೇ ನಂಬಿದ ಮರಿಗೆ, ಬಟ್ಟಲು ಮಾಯವಾದ ದಿನ ಏನು ಮಾಡಬೇಕೆಂದೇ ತಿಳಿಯದು. ಹಾಗಾದರೆ ಉಣಿಸಲೇಬಾರದೇ? ಖಂಡಿತ ಉಣಿಸಬೇಕು. ಆದರೆ ಹೊರಡುವ ದಿನದ ಯೋಚನೆ ಮೊದಲ ದಿನವೇ ಬರಬೇಕು.

ಮೊದಲು, ನೀವು ಅತಿಥಿಯಾಗಿರುವ ಮನೆಯವರನ್ನು ಕೇಳಿ. ನೆರೆಯವರಿಗೆ ತೊಂದರೆ ಕೊಡಬಾರದೆಂಬ ಹದೀಸನ್ನೂ, ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ದಾನವೆಂಬ ಹದೀಸನ್ನೂ ವರದಿ ಮಾಡಿದವರು ಇದೇ ಅಬೂ ಹುರೈರಾ(ರ). ಪಕ್ಕದ ಮನೆಯ ಗೋಡೆಯಿಂದ ದೂರದ ಒಂದು ಮೂಲೆಯನ್ನು ಗೊತ್ತುಮಾಡಿ. ಸ್ವಲ್ಪವೇ ಹಾಕಿ, ತಿಂದ ಮೇಲೆ ಅರ್ಧ ಗಂಟೆಯೊಳಗೆ ಬಟ್ಟಲು ತೆಗೆದು ತೊಳೆಯಿರಿ. ಬಿಟ್ಟರೆ ಇರುವೆ, ಹೆಗ್ಗಣ, ಬೀದಿನಾಯಿ ಬರುತ್ತವೆ, ಅದರ ಸಿಟ್ಟು ಬೆಕ್ಕಿನ ಮೇಲೆ ತಿರುಗುತ್ತದೆ. ಬೇಸಿಗೆಯಲ್ಲಿ ಊಟಕ್ಕಿಂತ ಮುಖ್ಯ ನೀರು. ನೆರಳಿನಲ್ಲಿ ಒಂದು ಮಣ್ಣಿನ ಬಟ್ಟಲಿಟ್ಟು ದಿನವೂ ಬದಲಿಸಿದರೆ ಅದೊಂದೇ ದೊಡ್ಡ ಉಪಕಾರ.

ಹಾಲಿನ ವಿಷಯ ಹೇಳಲೇಬೇಕು. ಬೆಕ್ಕಿಗೆ ಹಾಲೇ ಆಹಾರವೆಂದು ನಾವೆಲ್ಲ ನಂಬಿದ್ದೇವೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಹಾಗೆಯೇ ದಾವತ್ತಿನಲ್ಲಿ ಉಳಿದ ಬಿರಿಯಾನಿ ಸುರಿಯುವುದೂ ಒಳ್ಳೆಯದಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚಿಕೊಳ್ಳುತ್ತದೆ. ಉಪ್ಪು ಮಸಾಲೆ ಹಾಕುವ ಮೊದಲೇ ಬೇಯಿಸಿದ ಕೋಳಿಯ ಮೂಳೆಯಿಲ್ಲದ ಎರಡು ತುಂಡು ಅಥವಾ ಮುಳ್ಳು ತೆಗೆದ ಮೀನನ್ನು ಎತ್ತಿಟ್ಟರೆ ಸಾಕು. ಬೆಕ್ಕು ಮೂತಿ ಇಟ್ಟ ಪಾತ್ರೆ ನಜಸ್ ಎಂದು ಕೆಲವರು ಗಾಬರಿಯಾಗುತ್ತಾರೆ. ವುಝೂವಿನ ನೀರಿಗೆ ಬಂದ ಬೆಕ್ಕಿಗೆ ಅಬೂ ಕತಾದಾ(ರ) ಪಾತ್ರೆಯನ್ನೇ ಬಾಗಿಸಿ ಹಿಡಿದು, ಅದು ಅಶುದ್ಧವಲ್ಲ, ನಮ್ಮ ನಡುವೆ ಸುತ್ತಾಡುವ ಜೀವಿ ಎಂಬ ಪ್ರವಾದಿಬೋಧನೆಯನ್ನು(ಸ) ಸೊಸೆಗೆ ನೆನಪಿಸಿದ್ದರು. ಆದರೆ ಮಕ್ಕಳು ಅಪರಿಚಿತ ಬೆಕ್ಕನ್ನು ಎತ್ತಿ ಮುದ್ದಾಡದಿರಲಿ. ಕಚ್ಚಿದರೆ, ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಬೆಕ್ಕಿನಿಂದಲೂ ಆ ರೋಗ ಬರುತ್ತದೆ.

ಹೊರಡುವ ದಿನ ಹತ್ತಿರವಾದಾಗ ಒಮ್ಮೆಲೇ ಕೈಬಿಡಬೇಡಿ. ಒಂದೆರಡು ವಾರ ಮೊದಲೇ ಅಳತೆಯನ್ನು ಕಡಿಮೆ ಮಾಡುತ್ತ, ದಿನ ಬಿಟ್ಟು ದಿನ ಹಾಕುತ್ತ ಬನ್ನಿ. ಅಲ್ಲಿಯೇ ಇರುವ ಯಾರಾದರೂ ಮನಃಪೂರ್ವಕ ಒಪ್ಪಿದರೆ ಅವರಿಗೆ ವಹಿಸಿ. ಮುದ್ದಾಗಿದೆಯೆಂದು ಮರಿಯನ್ನು ತಾಯಿಯಿಂದ ಕಿತ್ತು ಬಸ್ಸಿನಲ್ಲಿ ಊರಿಗೆ ಒಯ್ಯುವುದಾಗಲಿ, ಕಾಟವೆಂದು ಚೀಲದಲ್ಲಿ ತುಂಬಿ ಹರಿಹರದ ಹೊಳೆದಂಡೆಗೆ ಬಿಟ್ಟುಬರುವುದಾಗಲಿ ಬೇಡ. ಎರಡನ್ನೂ ಜನ ಮಾಡುತ್ತಾರೆ. ಹೆಣ್ಣುಬೆಕ್ಕು ಸುಮಾರು ಒಂಬತ್ತು ವಾರಕ್ಕೆ ಈಯುತ್ತದೆ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ. ಹಾಗಾಗಿ ಕಾಯಂ ಉಣಿಸುವವರು ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಲಿ. ಪ್ರಯೋಜನವಿದ್ದರೆ ಅಥವಾ ತೊಂದರೆ ತಪ್ಪುವುದಾದರೆ ಬೆಕ್ಕಿಗೆ ಇದನ್ನು ಮಾಡಿಸಬಹುದೆಂದು ಹನಫೀ ಫಿಕ್ಹ್ ಗ್ರಂಥಗಳಲ್ಲಿದೆ.

ಇದನ್ನೆಲ್ಲ ನಾನು ಮಾರನೆಯ ವಾರ ನಾನಿಗೆ ಹೇಳಿದೆ, ಮೊದಲು ಆತುರಪಟ್ಟು ಉತ್ತರಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಆಕೆ ಹುಬ್ಬಳ್ಳಿಗೆ ಫೋನ್ ಮಾಡಿ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದರು. ಮಕ್ಕಳು ತಮ್ಮ ಈದಿಯ ದುಡ್ಡಿನಲ್ಲಿ ಒಂದು ಪಾಲನ್ನು ಬೆಕ್ಕಿಗೆಂದು ಕಳಿಸಲು ಒಪ್ಪಿದರು. ನನ್ನ ಪಾಠದ ಹುಡುಗನೊಬ್ಬ ದಿನವೂ ಅಸ್ರ್ ಬಳಿಕ ಬಟ್ಟಲು ಇಟ್ಟು ತೊಳೆಯುವ ಕೆಲಸ ವಹಿಸಿಕೊಂಡ. ಪಕ್ಕದ ಮನೆಯವರನ್ನು ಕೇಳಿ ಬಟ್ಟಲನ್ನು ಹಿತ್ತಲ ನುಗ್ಗೆಮರದ ಬುಡಕ್ಕೆ ಬದಲಿಸಲಾಯಿತು. ಮಳೆಗಾಲದಲ್ಲಿ ಒಂದು ಮರಿ ಎತ್ತಲೋ ಹೋಯಿತು. ಇನ್ನೊಂದು ಈಗಲೂ ನಾನು ಪಾಠ ಮುಗಿಸಿ ಹೊರಡುವ ಹೊತ್ತಿಗೆ ಆ ಮರದ ಕವಲಿನಲ್ಲಿ ಮಲಗಿರುತ್ತದೆ.